ಕಲ್ಕತ್ತಾದ ಏಟು

ತಲೆ ಮತ್ತೆ ಎಡಕ್ಕೆ ವಾಲಿತು. ಹಣೆಗೆ ಸುತ್ತಿದ್ದ ಬಿಳಿ ಬಟ್ಟೆಯನ್ನು ಶೀನಣ್ಣ ಬಿಚ್ಚಿ, ಹಿಂದಿನ ಕಿಟಕಿಯ ಸರಳಿಗೆ ಇನ್ನೊಂದು ಸುತ್ತು ಹಾಕಿ ಜಗ್ಗಿದ.

“ಪ್ರಭು, ಗದ್ದ ಹಿಡ್ಕೊಳೋ. ಗಟ್ಟಿಯಾಗಿ ಹಿಡಿ, ಅವನಿಗೇನು ಈಗ ನೋಯಲ್ಲ.”

ಪ್ರಭುದೇವ ಎರಡೂ ಕೈಯಿಂದ ಸತ್ತವನ ಗದ್ದ ಎತ್ತಿ ಹಿಡಿದ. ಎಪ್ಪತ್ತನಾಲ್ಕು ವರ್ಷದ ಮಲ್ಲಿಕಾರ್ಜುನಯ್ಯ ಪಡಸಾಲೆಯ ಗೋಡೆಗೊರಗಿ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಅವರ ಜನರಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಮೈಗೆ ವಿಭೂತಿ ಬಳಿದು, ಅಂಗೈಯಲ್ಲಿ ಲಿಂಗವಿಟ್ಟು, ಕೂತ ಹಾಗೆಯೇ ಹೊತ್ತುಕೊಂಡು ಹೋಗಿ ಕೂತ ಹಾಗೆಯೇ ಮಣ್ಣಿಗಿಡುತ್ತಾರೆ. ಆದರೆ ಇದು ನೂರು ಕೆಜಿಯ ಮೈ. ಮೊಣಕಾಲು ಮಡಿಸುವುದಕ್ಕೇ ನಾಲ್ಕು ಜನ ಬೇಕಾಗಿದ್ದರು.

“ಥೇಟ್ ರೌಂಡ್ ಮುಗಿಸ್ಕೊಂಡು ಕಾರ್ನರಲ್ಲಿ ಸ್ಟೂಲ್ ಮೇಲೆ ಕೂತಂಗಿದಾನೆ,” ಎಂದ ಪ್ರಭುದೇವ. ಹೇಳಿ, ಕಣ್ಣನ್ನು ತೋಳಿಗೆ ಒರೆಸಿಕೊಂಡ.

“ನಿನ್ನ ಮೂಗು ಮುರಿದವನಿಗೆ ಅಳ್ತೀಯಲ್ಲೋ,” ಎಂದ ಶೀನಣ್ಣ. ಅವನ ಕಣ್ಣೂ ಒದ್ದೆಯಾಗಿತ್ತು.

ಚಾಮರಾಜಪೇಟೆಯ ಬಾಕ್ಸಿಂಗ್ ಕ್ಲಬ್ಬಿನಲ್ಲಿ ಐವತ್ತು ವರ್ಷದ ಹಿಂದೆ ಕೂಡಿದ ಮೂವರು ಅವರು. ಮಲ್ಲಿಕಾರ್ಜುನಯ್ಯ ಹೊಡೆಯುತ್ತಿದ್ದ, ಪ್ರಭುದೇವ ಪ್ರಾಕ್ಟೀಸಿಗೆಂದು ಎದುರು ನಿಂತು ಏಟು ತಿನ್ನುತ್ತಿದ್ದ, ಶೀನಣ್ಣ ಬಕೆಟ್ಟು ಟವೆಲ್ಲು ಹಿಡಿದು ಹಗ್ಗದಾಚೆ ನಿಲ್ಲುತ್ತಿದ್ದ. ಆಮೇಲೆ ಮಲ್ಲಿಕಾರ್ಜುನಯ್ಯ ಮಾಮೂಲ್‌ಪೇಟೆಯಲ್ಲಿ ಅಪ್ಪನ ಹಗ್ಗ-ಹುರಿ ಅಂಗಡಿಯಲ್ಲಿ ಕೂತ, ಪ್ರಭುದೇವ ರೈಲ್ವೆಗೆ ಸೇರಿದ, ಶೀನಣ್ಣ ಹೈಸ್ಕೂಲು ಮೇಷ್ಟರಾದ. ಬಾಕ್ಸಿಂಗಿನಲ್ಲಿ ಅವರಿಗೆ ಉಳಿದದ್ದು ಮಾತು ಮಾತ್ರ. ಪ್ರತಿ ಭಾನುವಾರ ಬೆಳಿಗ್ಗೆ ಬ್ಯೂಗಲ್ ರಾಕ್ ಪಾರ್ಕಿನ ಒಂದು ಬೆಂಚಿನ ಮೇಲೆ ಕೂತು, ಪ್ರಪಂಚದ ಹೆವಿವೇಟ್‌ಗಳಲ್ಲಿ ಎಲ್ಲರಿಗಿಂತ ಜೋರಾಗಿ ಹೊಡೆದವನು ಯಾರು ಅಂತ ಜಗಳವಾಡುತ್ತಿದ್ದರು. ಮೊನ್ನೆ ಭಾನುವಾರವೂ ಆಡಿದ್ದರು. ನಿನ್ನೆ ಸಂಜೆ ಮಲ್ಲಿಕಾರ್ಜುನಯ್ಯ ವಾಕಿಂಗ್ ಮುಗಿಸಿ ಬಂದು, ಬಾಗಿಲಲ್ಲಿ ಒಂದು ಚಪ್ಪಲಿ ಬಿಟ್ಟು ಇನ್ನೊಂದನ್ನು ಬಿಡುವ ಮೊದಲೇ ಕುಸಿದುಬಿದ್ದ.

ಅವನ ಹೆಂಡತಿ ಮಹಾನಂದ ಹೆಣದ ಬಲಮಗ್ಗುಲಲ್ಲಿ ಚಾಪೆಯ ಮೇಲೆ ಕೂತಿದ್ದಳು. ನಲವತ್ತೊಂದು ವರ್ಷದಿಂದ ಆ ಮಗ್ಗುಲಿಗೇ ಕೂತು ರೂಢಿ, ಗಂಡನ ಎಡಗಿವಿ ಕೇಳಿಸುತ್ತಿರಲಿಲ್ಲ. ಅವಳು ಇನ್ನೂ ಅತ್ತಿರಲಿಲ್ಲ. ಬಂದ ಹೆಂಗಸರು ಅದನ್ನು ಗಮನಿಸಿದ್ದರು.

ಹೊರಗೆ ಜಗಲಿಯಲ್ಲಿ ಅಳಿಯ ಗೌರೀಶನ ದನಿ ಕೇಳುತ್ತಿತ್ತು. ರಾತ್ರಿಯಿಂದ ಎಲ್ಲ ಅವನದೇ ಓಡಾಟ. ಗಾಡಿ, ಹೂವು, ಅಯ್ಯನವರು, ಶಾಮಿಯಾನ. ಗಂಡುಮಗ ಇಲ್ಲದ ಮನೆಗೆ ಮಗನ ಹಾಗೆ ನಿಂತ ಎಂದು ನೆಂಟರು ಮೆಚ್ಚುತ್ತಿದ್ದರು.

“ನಿಮ್ಮ ಮಾವ ಬಾಕ್ಸರ್ ಆಗಿದ್ರಂತೆ?” ಎಂದು ಯಾರೋ ಕೇಳಿದರು.

“ಆಗಿದ್ರಂತೆ ಅಂತೀರಾ? ಮೂರು ವರ್ಷ ಸ್ಟೇಟ್ ಹೆವಿವೇಟ್ ಚಾಂಪಿಯನ್ ಸಾರ್! ಮೈಕ್ ಟೈಸನ್‌ನ ಫೈಟ್ ಒಂದೊಂದೂ ನಾನೂ ಮಾವನೂ ಹತ್ತತ್ತು ಸಲ ನೋಡಿದೀವಿ. ಸ್ಪಿಂಕ್ಸ್‌ನ ತೊಂಬತ್ತೊಂದು ಸೆಕೆಂಡಲ್ಲಿ ಮಲಗಿಸ್ದ. ಅಂಥ ಪಂಚು ಹಿಂದೆ ಇರ್ಲಿಲ್ಲ, ಮುಂದೆ ಬರಲ್ಲ.”

ಗದ್ದ ಹಿಡಿದೇ ಇದ್ದ ಪ್ರಭುದೇವನಿಗೆ ತಡೆಯಲಾಗಲಿಲ್ಲ. ಬಾಗಿಲ ಕಡೆ ಕತ್ತು ಹೊರಳಿಸಿ ಕೂಗಿದ: “ಟೈಸನ್‌ದು ಸ್ಪೀಡು ಕಣಪ್ಪ. ಭಾರ ಅಂದ್ರೆ ಫೋರ್‌ಮನ್. ಫ್ರೇಜಿಯರ್ ಅಂಥ ಗೂಳೀನ ಎರಡು ರೌಂಡಲ್ಲಿ ಆರು ಸಲ ಕೆಡವ್ದ. ಆರು ಸಲ!”

“ಇಬ್ರೂ ಬಾಯ್ಮುಚ್ಚಿ,” ಎಂದ ಶೀನಣ್ಣ. ಗಂಟು ಬಿಗಿದು ಮುಗಿಸಿ, ಕೈಯೊರೆಸಿಕೊಂಡು, ತಾನೇ ಹೊರಗೆ ಹೋಗಿ ಸೇರಿಕೊಂಡ. “ಎಂಬತ್ತೈದು ಕೆಜಿ ಇದ್ದ ಮಾರ್ಸಿಯಾನೊ. ಹದಿಮೂರನೇ ರೌಂಡು, ಪಾಯಿಂಟಲ್ಲಿ ಸೋಲ್ತಾ ಇದಾನೆ. ಒಂದೇ ಒಂದು ರೈಟು, ಇಷ್ಟೇ ಇಷ್ಟು ದೂರದಿಂದ. ವಾಲ್ಕಾಟ್ ಹಗ್ಗ ತಬ್ಕೊಂಡು ಹಾಗೇ ಇಳಿದೋದ. ಮೈಭಾರ ಇರೋನು ಹೊಡೆದ್ರೆ ಅದೇನು ಹೆಚ್ಚುಗಾರಿಕೆ?”

“ಮಲ್ಲಿ ಇದ್ದಿದ್ರೆ ಶೇವರ್ಸ್ ಅಂತಿದ್ದ,” ಎಂದ ಪ್ರಭುದೇವ, ಗದ್ದ ಬಿಟ್ಟು ಹೊರಗೆ ಬಂದು.

“ಹೂಂ,” ಎಂದ ಶೀನಣ್ಣ. “ಅರ್ನಿ ಶೇವರ್ಸ್. ಚಾಂಪಿಯನ್ನೇ ಆಗ್ಲಿಲ್ಲ ಪಾಪ. ಆದ್ರೆ ಅವನ ಏಟು ತಿಂದ ಅಲಿನೇ ಹೇಳಿದ್ನಂತೆ, ಅಷ್ಟು ಜೋರಾಗಿ ಯಾರೂ ಹೊಡ್ದಿಲ್ಲ ಅಂತ. ಮಲ್ಲೀದು ಒಂದೇ ಮಾತು. ಗೆಲ್ಲೋದು ಬೇರೆ, ಹೊಡೆಯೋದು ಬೇರೆ.”



“ಮಾವ ತಿಂದ ಏಟು ಕಡಿಮೇದಾ?” ಎಂದ ಗೌರೀಶ. “ಎಂಬತ್ನಾಲ್ಕನೇ ಇಸವಿ, ಕಲ್ಕತ್ತಾ. ಎದುರಿಗೆ ಮಿಲಿಟರಿ ಸರ್ವೀಸಸ್‌ನೋನು, ಆರೂಕಾಲಡಿ. ಒಂದು ರೈಟ್ ಹುಕ್ಕು, ಕಿವಿ ತಮಟೆ ಹರಿದೋಯ್ತು. ಮಾವ ಕೆಳಗೆ ಬೀಳ್ಲಿಲ್ಲ, ಗೊತ್ತಾ? ಆಮೇಲೆ ಜೀವನ ಪೂರ್ತಿ ಎಡಗಿವಿ ಸತ್ತೋಯ್ತು.”

“ಆ ವಿಷ್ಯ ಬಿಡಪ್ಪ ಈಗ,” ಎಂದ ಶೀನಣ್ಣ. ಹೇಳುತ್ತಾ ಒಳಗೆ ಮಹಾನಂದಳ ಕಡೆ ಒಮ್ಮೆ ನೋಡಿದ.

ಗೌರೀಶ ಬಿಡಲಿಲ್ಲ. ಎದ್ದು ನಿಂತು, ಎಡಗೈ ಮುಷ್ಟಿ ಮಾಡಿ, ಕೇಳಿದವರ ಹೊಟ್ಟೆಯ ಪಕ್ಕಕ್ಕೆ ತಾಗಿಸಿ ತೋರಿಸಿದ. “ತಲೆಗೆ ಹೊಡೆಯೋದು ದಡ್ಡರು ಅಂತಿದ್ರು ಮಾವ. ಇಲ್ಲಿ ನೋಡಿ, ಬಲಗಡೆ, ಕೊನೇ ಪಕ್ಕೆಲುಬಿನ ಕೆಳಗೆ. ಲಿವರ್ರು. ಗುರುತೇ ಕಾಣಲ್ಲ, ಮನುಷ್ಯ ಉಸಿರು ಬಿಡಕ್ಕಾಗ್ದೆ ಮಂಡಿಯೂರ್ತಾನೆ.”

ಮಹಾನಂದ ಸತ್ತ ಗಂಡನ ಎಡಗೈ ನೋಡಿದಳು. ವಿಭೂತಿ ಬಳಿದ ಆ ಕೈಯಲ್ಲಿ ಈಗ ಲಿಂಗವಿತ್ತು.

*

ಮೊದಲ ಸಲ ಹೊಡೆದದ್ದು ಮದುವೆಯಾದ ಆರನೇ ತಿಂಗಳಲ್ಲಿ. ಅವಳಿಗೆ ಇಪ್ಪತ್ತು. ಅವನು ದಾವಣಗೆರೆಯಲ್ಲಿ ಪಾಯಿಂಟಿನಲ್ಲಿ ಸೋತು ಬಂದಿದ್ದ. ಅನ್ನ ಬಡಿಸುತ್ತಾ ಅವಳು, “ಹೋಗ್ಲಿ ಬಿಡಿ, ಆಟ ತಾನೆ,” ಎಂದಳು. ಅವನು ಎದ್ದ. ಸಿಟ್ಟು ಬಂದ ಗಂಡಸರು ಕೆನ್ನೆಗೆ ಬಾರಿಸುವುದನ್ನು ಅವಳು ನೋಡಿದ್ದಳು. ಇದು ಅಂಥದ್ದಲ್ಲ. ಎಡಗೈ ಎಲ್ಲಿಂದ ಬಂತೋ ಕಾಣಲೇ ಇಲ್ಲ. ಪಕ್ಕೆಯೊಳಗೆ ಏನೋ ಬಿರಿದ ಹಾಗಾಗಿ, ನೆಲ ಮೇಲೆ ಬಂತು. ಬಾಯಿ ತೆರೆದೇ ಇತ್ತು, ಉಸಿರು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಸಾರಿನ ಪಾತ್ರೆ ಉರುಳಿ ಸೀರೆಯೆಲ್ಲ ಬಿಸಿಯಾದದ್ದು ಆಮೇಲೆ ಗೊತ್ತಾಯಿತು.

ಅವನಿಗೂ ಭಯವಾಯಿತು. ನೀರು ತಂದು ಕುಡಿಸಿದ, ಬೆನ್ನು ಸವರಿದ. “ಏನಾಯ್ತೋ ಗೊತ್ತಿಲ್ಲ, ಯಾಕೋ ಕೈ ಬಂದ್ಬಿಡ್ತು,” ಎಂದ.

ಎರಡನೇ ಸಲ ಅಷ್ಟು ಭಯಪಡಲಿಲ್ಲ. ಮೂರನೇ ಸಲ ನೀರು ತರಲಿಲ್ಲ.

ಐದು ವರ್ಷದಲ್ಲಿ ಎರಡು ಪಕ್ಕೆಲುಬು ಮುರಿದವು. ಡಾಕ್ಟರ ಮುಂದೆ ಬಚ್ಚಲಲ್ಲಿ ಜಾರಿಬಿದ್ದೆ ಎಂದಳು. ಎರಡನೇ ಸಲವೂ ಹಾಗೇ ಹೇಳಿದಾಗ, “ನಿಮ್ಮ ಬಚ್ಚಲಿಗೆ ಯಾರಿಗಾದ್ರೂ ಹೇಳಿ ಸಿಮೆಂಟ್ ಹಾಕ್ಸಿ,” ಎಂದು ಡಾಕ್ಟರು ಅವಳ ಮುಖ ನೋಡದೆ ಬರೆದುಕೊಂಡರು. ಮುಖದ ಮೇಲೆ ಒಂದು ಗೀರೂ ಇರುತ್ತಿರಲಿಲ್ಲ. ಜಾತ್ರೆ, ಮದುವೆ, ನಾಮಕರಣ ಎಲ್ಲಕ್ಕೂ ಅವಳು ಹೂ ಮುಡಿದು ಅವನ ಜೊತೆ ಹೋಗುತ್ತಿದ್ದಳು. ಪೇಟೆಯಲ್ಲಿ ಅವನಿಗೆ ಒಳ್ಳೆಯ ಹೆಸರು. ಅಂಗಡಿಯಲ್ಲಿ ದನಿಯೆತ್ತಿ ಮಾತಾಡಿದವನಲ್ಲ. ತೊಟ್ಟಿಲಿಗೆ ಹಗ್ಗ ಕೊಳ್ಳಲು ಬಂದವರಿಗೆ, ಹುರಿಯನ್ನು ತಾನೇ ಎರಡೂ ಕೈಯಿಂದ ಜಗ್ಗಿ ನೋಡಿ, ಆಮೇಲೆ ಕೊಡುತ್ತಿದ್ದ.

*

ಹನ್ನೊಂದು ಗಂಟೆಗೆ ಗಾಡಿ ಬಂದು ನಿಂತಿತು. ಹೊರಡುವ ಮೊದಲು ಗಂಡನ ಹೆಗಲಿಗೆ ಹೊದಿಸಲು ರೇಷ್ಮೆ ಶಲ್ಯ ಬೇಕೆಂದರು. ಅದನ್ನು ತರಲು ಮಹಾನಂದ ಒಳಕೋಣೆಯ ಬಾಗಿಲು ತಳ್ಳಿದಳು. ಒಳಗೆ ಮಗಳು ಚೈತನ್ಯಾ ಸ್ನಾನ ಮಾಡಿ ಬಂದು ಸೀರೆ ಉಡುತ್ತಿದ್ದವಳು ಬೆಚ್ಚಿ ಗೋಡೆಗೆ ತಿರುಗಿದಳು.

ತಿರುಗಿದ್ದು ತಡವಾಗಿತ್ತು. ರವಿಕೆಯ ಕೆಳಗೆ, ಬಲಗಡೆ, ಕೊನೆಯ ಪಕ್ಕೆಲುಬಿನ ಹತ್ತಿರ ಅಂಗೈಯಗಲದ ಕಲೆ. ನಡುವೆ ನೇರಳೆ, ಅಂಚಿಗೆ ಹಸಿರುಹಳದಿ. ಅದರ ಪಕ್ಕದಲ್ಲಿ ಇನ್ನೊಂದು, ಹಳೆಯದು.

ಮಹಾನಂದ ಬಾಗಿಲ ಚಿಲಕ ಹಾಕಿದಳು.

“ಯಾವತ್ತಿಂದ?”

“ಏನಿಲ್ಲಮ್ಮ. ಬಿದ್ದೆ.”

“ಬಚ್ಚಲಲ್ಲಾ?”

ಚೈತನ್ಯಾ ತಾಯಿಯ ಮುಖ ನೋಡಿದಳು. ನಲವತ್ತೆರಡು ವರ್ಷದ ಹೆಂಗಸು, ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುವವಳು, ಸೀರೆಯ ನೆರಿಗೆ ಕೈಯಲ್ಲಿ ಹಿಡಿದೇ ಮಂಚದ ಮೇಲೆ ಕೂತುಬಿಟ್ಟಳು.

“ನಾಲ್ಕು ವರ್ಷ ಆಯ್ತು. ಮೊದ್ಲು ಯಾವಾಗ್ಲೋ ಒಂದ್ಸಲ. ಈಗ...”

“ನಂಗ್ಯಾಕೆ ಹೇಳ್ಲಿಲ್ಲ?”

“ನಿಂಗೆ ಬಿಪಿ. ಅಪ್ಪಂಗೆ ಹೇಳ್ದೆ, ಹೋದ ವರ್ಷ. ಇವರು ಅಂದ್ರೆ ಅಪ್ಪಂಗೆ ಇಷ್ಟ ಅಲ್ವಾ, ಅಪ್ಪ ಒಂದು ಮಾತು ಹೇಳಿದ್ರೆ ಕೇಳ್ತಾರೆ ಅಂತ. ಅಪ್ಪ ಏನೂ ಅನ್ಲಿಲ್ಲ. ಟೀವಿ ನೋಡ್ತಾನೇ ಇದ್ರು. ಕಿವಿ ಕೇಳಿಸ್ಲಿಲ್ಲ ಅನ್ಸತ್ತೆ, ಇನ್ನೊಂದ್ಸಲ ಹೇಳಕ್ಕೆ ನಂಗೆ ನಾಚಿಕೆ ಆಯ್ತು.”

“ಎಲ್ಲಿ ಕೂತು ಹೇಳ್ದೆ?”

“ಸೋಫಾ ಮೇಲೆ.”

“ಯಾವ ಮಗ್ಗುಲಿಗೆ, ಚೈತೂ?”

ಮಗಳು ಯೋಚಿಸಿದಳು. ಕೈಯಿಂದ ಗಾಳಿಯಲ್ಲಿ ಟೀವಿ, ಸೋಫಾ, ಅಪ್ಪನನ್ನು ಗುರುತುಹಾಕಿಕೊಂಡಳು. ಕೈ ನಿಂತಿತು.

“ಬಲಗಡೆ,” ಎಂದಳು.

ಹೊರಗೆ ಯಾರೋ ಬಾಗಿಲು ಬಡಿದು ಶಲ್ಯ ಕೇಳಿದರು. ಮಹಾನಂದ ಬೀರು ತೆಗೆದು ಶಲ್ಯ ಎತ್ತಿಕೊಂಡಳು. ಬೀರುವಿನ ಕನ್ನಡಿಯಲ್ಲಿ ಅವಳ ಗದ್ದ ನಡುಗುತ್ತಿತ್ತು. ಅಳು ಬಂದಿತೆಂದು ಮಗಳು ತಿಳಿದಳು. ಅದು ಅಳುವಾಗಿರಲಿಲ್ಲ.

*

ಎಂಬತ್ನಾಲ್ಕನೇ ಇಸವಿಯ ಬೇಸಿಗೆ, ಮಧ್ಯಾಹ್ನ ಮೂರು ಗಂಟೆ. ಚೈತನ್ಯಾ ಎಂಟು ತಿಂಗಳ ಕೂಸು. ಹಲ್ಲು ಬರುತ್ತಿತ್ತು, ಜ್ವರ, ಬೆಳಗಿನಿಂದ ಒಂದೇ ಸಮ ಅಳು. ಮಲ್ಲಿಕಾರ್ಜುನಯ್ಯ ಮಾರನೆಯ ದಿನ ರಾಷ್ಟ್ರೀಯ ಪಂದ್ಯಕ್ಕೆಂದು ಕಲ್ಕತ್ತಾಕ್ಕೆ ಹೊರಡಬೇಕಿತ್ತು. ಅವನಿಗೆ ಮೂವತ್ತಮೂರು, ಇದೇ ಕೊನೆಯ ಅವಕಾಶ ಅಂತ ಅವನಿಗೂ ಗೊತ್ತಿತ್ತು. ತೂಕ ಇಳಿಸಲೆಂದು ಎರಡು ದಿನದಿಂದ ಸರಿಯಾಗಿ ತಿಂದಿರಲಿಲ್ಲ. ಅಂಗಡಿಯ ತಕ್ಕಡಿ, ತೂಕದ ಬಟ್ಟುಗಳಿಗೆ ಅಳತೆ-ತೂಕದ ಆಫೀಸಿನಲ್ಲಿ ಮುದ್ರೆ ಹಾಕಿಸಿಕೊಂಡು ಬಂದು ಊಟದ ಮನೆಯ ಮೂಲೆಯಲ್ಲಿ ಇಟ್ಟಿದ್ದ.

“ಸುಮ್ನಿರ್ಸು ಅದನ್ನ,” ಎಂದ.

ಅವಳು ತೊಟ್ಟಿಲು ತೂಗಿದಳು, ಎತ್ತಿಕೊಂಡಳು, ಮತ್ತೆ ಮಲಗಿಸಿದಳು. ಕೂಸು ಕಿರುಚಿತು.

“ಸುಮ್ನಿರ್ಸು ಅಂದ್ನಲ್ಲ!”

ಅವನ ಮೊದಲ ಏಟು ಅವಳ ಭುಜಕ್ಕೆ ಬಿತ್ತು. ಅವಳು ಮೂಲೆಗೆ ಹೋಗಿ ಬಿದ್ದಳು. ಅಷ್ಟಕ್ಕೆ ನಿಂತಿದ್ದರೆ ಆ ದಿನವೂ ಉಳಿದ ದಿನಗಳ ಹಾಗೇ ಕಳೆದುಹೋಗುತ್ತಿತ್ತು. ಆದರೆ ಅವನು ತೊಟ್ಟಿಲಿನ ಕಡೆ ತಿರುಗಿದ. ಅದರ ಮೇಲೆ ಬಗ್ಗಿ, ಎಡಗೈ ಮುಷ್ಟಿಯನ್ನು ಹಿಂದಕ್ಕೆ ಎಳೆದ. ಹೊಡೆಯುತ್ತಿದ್ದನೋ, ಹೆದರಿಸುತ್ತಿದ್ದನೋ, ಅವನಿಗಾದರೂ ಗೊತ್ತಿತ್ತೋ ಇಲ್ಲವೋ.

ಮಹಾನಂದಳ ಕೈಗೆ ಸಿಕ್ಕಿದ್ದು ಅರ್ಧ ಕೆಜಿಯ ಕಬ್ಬಿಣದ ಬಟ್ಟು. ಅಂಗೈಯಲ್ಲಿ ಸರಿಯಾಗಿ ಕೂತಿತು. ಎದ್ದಳು, ಎರಡು ಹೆಜ್ಜೆ ಇಟ್ಟಳು, ಬಟ್ಟು ಹಿಡಿದ ಮುಷ್ಟಿಯನ್ನು ತೋಳು ಪೂರ್ತಿ ಬೀಸಿ ಅವನ ಎಡಗಿವಿಗೆ ಹೊಡೆದಳು.

ತೆಂಗಿನಕಾಯಿ ಒಡೆದ ಸದ್ದಾಯಿತು. ಅವನು ಆಶ್ಚರ್ಯಪಟ್ಟವನ ಹಾಗೆ ಅವಳ ಕಡೆ ತಿರುಗಿದ. ಆಮೇಲೆ ಮೊಣಕಾಲು ಮಡಿಸಿಕೊಂಡವು. ತೊಂಬತ್ತು ಕೆಜಿಯ ಮೈ ನೆಲಕ್ಕೆ ಬಿದ್ದ ರಭಸಕ್ಕೆ ಗೂಡಿನಲ್ಲಿದ್ದ ಲೋಟಗಳು ಉರುಳಿದವು. ಕಿವಿಯಿಂದ ರಕ್ತ ಸಣ್ಣ ಎಳೆಯಾಗಿ ಬಂದು ಕೆಂಪು ನೆಲದ ಮೇಲೆ ಇನ್ನಷ್ಟು ಕೆಂಪಗೆ ಹರಿಯಿತು.

ಅವಳು ಬಟ್ಟು ಬಿಡಲಿಲ್ಲ. ತೊಟ್ಟಿಲಿಗೂ ಅವನಿಗೂ ನಡುವೆ ಕೂತು ಕಾದಳು. ಎದ್ದರೆ ಮತ್ತೆ ಹೊಡೆಯುವುದು, ಅಷ್ಟೇ ಯೋಚನೆ. ಕೂಸು ಅಳುತ್ತಲೇ ಇತ್ತು. ಕಾಲು ಗಂಟೆಯಾಗಿರಬೇಕು, ಅವನು ಕಣ್ಣು ಬಿಟ್ಟ. ಅವಳನ್ನು ನೋಡಿದ, ಅವಳ ಕೈ ನೋಡಿದ. ಎದ್ದು ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ ಕಿವಿ ತೊಳೆದುಕೊಂಡ.

ಮಾರನೆಯ ದಿನ ಕಿವಿಗೆ ಹತ್ತಿ ತುರುಕಿಕೊಂಡು ಶೀನಣ್ಣನ ಜೊತೆ ರೈಲು ಹತ್ತಿದ. ಹತ್ತು ದಿನದ ಮೇಲೆ ಬಂದವನು ನೆಂಟರ ಮುಂದೆ ಆ ಆರೂಕಾಲಡಿಯವನ ಕಥೆ ಹೇಳಿದ. ಹೇಳುವಾಗ ಒಂದು ಸಲ ಅವಳ ಕಡೆ ನೋಡಿದ. ಅವಳು ಏನೂ ಹೇಳಲಿಲ್ಲ. ಮತ್ತೆಂದೂ ಅವನು ಕೈಯೆತ್ತಲಿಲ್ಲ.

ನಲವತ್ತೊಂದು ವರ್ಷ ಹಾಗೇ ನಡೆಯಿತು. ಅವಳಿಗೆ ಟೈಫಾಯಿಡ್ ಆದಾಗ ಅವನೇ ತಲೆ ಬಾಚಿದ, ಗಂಜಿ ಕುಡಿಸಿದ. ತಪ್ಪಾಯಿತು ಎಂಬ ಒಂದು ಮಾತನ್ನು ಮಾತ್ರ ಆಡಲಿಲ್ಲ. ಅವಳೂ ಕೇಳಲಿಲ್ಲ. ಏಟು ನಿಂತಿತಲ್ಲ, ಅಷ್ಟು ಸಾಕು ಎಂದುಕೊಂಡಿದ್ದಳು.

*

ರುದ್ರಭೂಮಿಯಲ್ಲಿ ಗುಣಿ ಸಣ್ಣದಾಗಿತ್ತು. ಸತ್ತವನ ಭುಜದ ಅಳತೆ ಯಾರೂ ಹೇಳಿರಲಿಲ್ಲ. ಹಾರೆ ಹಿಡಿದವರು ಮತ್ತೆ ಇಳಿದು ಅಂಚು ಕಡಿದರು. ಅಷ್ಟು ಹೊತ್ತೂ ಮಲ್ಲಿಕಾರ್ಜುನಯ್ಯ ಹೂವಿನ ಮಂಟಪದಂಥ ವಿಮಾನದಲ್ಲಿ ಬಿಸಿಲಿಗೆ ಮುಖವಿಟ್ಟು ಕೂತಿದ್ದ. ಬೇವಿನ ಮರದ ಕೆಳಗೆ ಫೋರ್‌ಮನ್, ಮಾರ್ಸಿಯಾನೊ, ಟೈಸನ್ ಮತ್ತೆ ಶುರುವಾದರು. ಪ್ರಭುದೇವ ಸೋನಿ ಲಿಸ್ಟನ್‌ನನ್ನೂ ಎಳೆದು ತಂದ. ಅವನ ಮುಷ್ಟಿಗೆ ಗ್ಲೌಸನ್ನೇ ಬೇರೆ ಹೊಲಿಸಬೇಕಿತ್ತಂತೆ ಎಂದ.

ಮಹಾನಂದ ಕೇಳುತ್ತಿದ್ದಳು. ಇವರೆಲ್ಲ ಒಂದು ದಿನವಾದರೂ ಏಟು ತಿಂದವರ ಕಡೆಯಿಂದ ಮಾತಾಡಿದ್ದರೇ ಎಂದು ಯೋಚಿಸಿದಳು. ನೆನಪಾಗಲಿಲ್ಲ.

ಗಂಡನನ್ನು ಇಳಿಸಿದರು. ಅಯ್ಯನವರು ಮಂತ್ರ ಹೇಳಿದರು. ವಿಭೂತಿ ಗಟ್ಟಿ, ಪತ್ರೆ, ಉಪ್ಪು ಸುರಿದರು. ಕುತ್ತಿಗೆಯವರೆಗೆ ಮುಚ್ಚಿದ ಮೇಲೆ ಎಲ್ಲರೂ ಸಾಲಾಗಿ ಬಂದು ಮೂರು ಹಿಡಿ ಮಣ್ಣು ಹಾಕಿದರು. ಮಹಾನಂದ ಹಾಕುವಾಗ ಅವನ ಬಲಗಿವಿ ಇನ್ನೂ ಕಾಣುತ್ತಿತ್ತು. ಬಗ್ಗಿ, ಅದಕ್ಕೆ ಮಾತ್ರ ಕೇಳುವ ಹಾಗೆ, “ಕೇಳಿಸಿತ್ತು ನಿಮಗೆ,” ಎಂದಳು. ಮಣ್ಣು ಬಿಟ್ಟಳು.

ಗುಣಿ ಮುಚ್ಚಿ, ನೀರು ಚಿಮುಕಿಸಿ, ಜನ ಕೈಕಾಲು ತೊಳೆಯಲು ನಲ್ಲಿಯ ಕಡೆ ಹೊರಟಾಗ ಗೌರೀಶ ಹೆಂಡತಿಯ ಹತ್ತಿರ ಬಂದ.

“ನಡಿ. ತ್ಯಾಗರಾಜನಗರದ ಮನೆಗೆ ಹೋಗಿ ಸ್ನಾನ ಮುಗಿಸ್ಕೊಂಡು ಸಂಜೆ ಬರೋಣ.”

“ನಾನು ಅಮ್ಮನ ಜೊತೆ ಇರ್ತೀನಿ,” ಎಂದಳು ಚೈತನ್ಯಾ. “ಹನ್ನೊಂದು ದಿನ.”

“ಹನ್ನೊಂದು ದಿನಾನಾ? ಆಮೇಲೆ ಮಾತಾಡೋಣ ಬಾ.” ಅವನು ನಗುತ್ತಾ ಅವಳ ಬೆನ್ನು ಬಳಸಿ ಕೈ ಹಾಕಿದ. ದುಃಖದಲ್ಲಿರುವ ಹೆಂಡತಿಯನ್ನು ಹಿಡಿದುಕೊಂಡ ಒಳ್ಳೆಯ ಗಂಡನ ಹಾಗೆ ಕಾಣುತ್ತಿತ್ತು. ನಾಲ್ಕು ಬೆರಳು ಸೆರಗಿನ ಮೇಲೆ ಇದ್ದವು. ಹೆಬ್ಬೆರಳು ಸೆರಗಿನೊಳಗೆ, ಪಕ್ಕೆಯ ಆ ಜಾಗವನ್ನು ಹುಡುಕಿ, ಉಗುರು ಬೆಳ್ಳಗಾಗುವಷ್ಟು ಒತ್ತಿತು. ಚೈತನ್ಯಾ ಸದ್ದು ಮಾಡಲಿಲ್ಲ. ಅವಳ ಕಣ್ಣು ಮಾತ್ರ ಅಗಲವಾದವು. ಮಹಾನಂದ ಮೂರು ಹೆಜ್ಜೆ ದೂರದಲ್ಲಿದ್ದಳು.

“ಗೌರೀಶ,” ಎಂದಳು. “ಕಲ್ಕತ್ತಾದಲ್ಲಿ ಅವ್ರಿಗೆ ಯಾರೂ ಹೊಡೀಲಿಲ್ಲ.”

“ಏನತ್ತೆ?”

“ಅವರ ಕಿವಿ. ಕಲ್ಕತ್ತಾದಲ್ಲಿ ಹೋಗಿದ್ದಲ್ಲ. ಶೀನಣ್ಣ, ನೀವೇ ಹೇಳಿ.”

ನಲ್ಲಿಯ ಹತ್ತಿರದ ಜನ ತಿರುಗಿದರು. ಶೀನಣ್ಣ ಒದ್ದೆ ಕೈ ಹಾಗೇ ಹಿಡಿದು ನಿಂತ. ಹೊಸ ಮಣ್ಣಿನ ಕಡೆ ಒಂದು ಸಲ ನೋಡಿದ.

“ಅವನು ರಿಂಗೇ ಹತ್ಲಿಲ್ಲ,” ಎಂದ. “ಬೆಂಗಳೂರಲ್ಲಿ ರೈಲು ಹತ್ತುವಾಗ್ಲೇ ಕಿವೀಲಿ ರಕ್ತದ ಹತ್ತಿ ಇತ್ತು. ಅಲ್ಲಿ ಡಾಕ್ಟ್ರು ನೋಡಿ ಮೆಡಿಕಲ್ ಫೇಲ್ ಮಾಡಿದ್ರು. ಯಾರಿಗೂ ಹೇಳ್ಬೇಡ ಅಂತ ಕೈ ಹಿಡ್ಕೊಂಡ. ನಾನು ಯಾರು ಹೊಡೆದ್ರು ಅಂತ ಕೇಳ್ಲಿಲ್ಲ.”

“ನಲವತ್ತು ವರ್ಷದಿಂದ ನಂಗೂ ಸುಳ್ಳು ಹೇಳ್ತಿದ್ರೇನ್ರೋ?” ಎಂದ ಪ್ರಭುದೇವ.

“ನಾನು ಹೊಡೆದೆ,” ಎಂದಳು ಮಹಾನಂದ. ಮುಂದಿನ ಮಾತಿನಲ್ಲಿ, ಮಗಳ ಮದುವೆಯಾದ ಹದಿನಾರು ವರ್ಷದಲ್ಲಿ ಮೊದಲ ಸಲ, ಅಳಿಯನಿಗೆ ಏಕವಚನ ಬಂತು. “ಯಾಕೆ ಹೊಡೆದೆ ಅಂತ ನಿನ್ನ ಹೆಂಡ್ತಿ ಪಕ್ಕೆಗೆ ಗೊತ್ತು. ಕೈ ತೆಗಿ.”

ಗೌರೀಶ ಸುತ್ತ ನೋಡಿ ನಕ್ಕ. “ಪಾಪ, ಅತ್ತೆಗೆ ದುಃಖದಲ್ಲಿ ತಲೆ ಕೆಟ್ಟಿದೆ. ಯಾರಾದ್ರೂ ನೀರು ಕೊಡ್ರೀ.”

“ಕೈ ತೆಗಿ.”

ಅವನು ತೆಗೆಯಲಿಲ್ಲ. ಅರವತ್ತಾರು ವರ್ಷದ ಮಹಾನಂದ ಮುಂದೆ ಬಂದು ಮುಷ್ಟಿ ಕಟ್ಟಿ ಹೊಡೆದಳು. ಅದೇನು ಚೆಂದದ ಏಟಾಗಿರಲಿಲ್ಲ. ಕೆನ್ನೆಯ ಮೂಳೆಗೆ ಬಿದ್ದು ಜಾರಿತು, ಅವನ ಕನ್ನಡಕ ಹಾರಿ ಹೋಯಿತು. ಅವನು ಏನಾಯಿತೆಂದು ತಿಳಿಯುವ ಮೊದಲೇ ಇನ್ನೊಂದು ಹೊಡೆದಳು. ಅದು ಬಾಯಿಗೆ ನೇರ ಬಿತ್ತು. ಹಲ್ಲು ಗೆಣ್ಣಿಗೆ ನಾಟಿದ್ದು ಅವಳಿಗೆ ಗೊತ್ತಾಯಿತು. ಅವನ ತುಟಿ ಸೀಳಿ, ಬಿಳಿ ಕುರ್ತಾದ ಎದೆಯ ಮೇಲೆ ರಕ್ತ ಸಿಡಿಯಿತು.

ಆಗ ಗೌರೀಶ ಹೆಂಡತಿಯನ್ನು ಬಿಟ್ಟ. ಮೊಣಕೈ ಮೈಗೊತ್ತಿ, ಭುಜ ತಗ್ಗಿಸಿ, ಎಡಗೈ ಮುಷ್ಟಿಯನ್ನು ಹಿಂದಕ್ಕೆ ಎಳೆದ. ಸಿಟ್ಟಿನ ಮನುಷ್ಯ ಹೀಗೆ ನಿಲ್ಲುವುದಿಲ್ಲ, ಹೀಗೆ ನಿಲ್ಲುವುದನ್ನು ಅಭ್ಯಾಸ ಮಾಡಿರಬೇಕು. ಹಸಿ ಗುಣಿಯ ಪಕ್ಕದಲ್ಲಿ, ಸತ್ತವನ ಹೆಂಡತಿಯ ಎದುರಿಗೆ ಎತ್ತಿದ ಆ ಮುಷ್ಟಿಯನ್ನು ಐವತ್ತು ಜನ ನೋಡಿದರು. ಅವನಿಗೂ ಅದು ಗೊತ್ತಾಗಿ ಕೈ ಅರ್ಧಕ್ಕೆ ನಿಂತಿತು.

ಪ್ರಭುದೇವ ಹಿಂದಿನಿಂದ ಬಂದು ಎರಡೂ ತೋಳಿನಲ್ಲಿ ಅವನನ್ನು ಬಾಚಿ ತಬ್ಬಿದ. ಹಳೆಯ ಬಾಕ್ಸರನ ಹಿಡಿತ, ಅಲುಗಾಡಲು ಬಿಡದು. “ಸಾಕು,” ಎಂದ ಕಿವಿಯಲ್ಲಿ. “ಆ ಕೈ ನಾನು ಬಲ್ಲೆ ಕಣೋ. ಕ್ಲಬ್ಬಲ್ಲಿ ನಾನೇ ತಿಂದಿದೀನಿ.”

ಮಲ್ಲಿಕಾರ್ಜುನಯ್ಯನ ಅಕ್ಕ ಗಿರಿಜಾಂಬ ಬಾಯಿ ಬಡಿದುಕೊಂಡಳು. “ಅಯ್ಯೋ ಶಿವನೇ, ಏನೇ ಇದು ಚೈತನ್ಯಾ? ಗಂಡನ್ನ ಹೊಡೆಸ್ತಾ ನಿಂತಿದೀಯಲ್ಲೇ!”

ಚೈತನ್ಯಾ ಅವಳ ಕಡೆ ತಿರುಗಿದಳು. ಸೆರಗನ್ನು ಒಂದು ಕಡೆಯಿಂದ ಎತ್ತಿ ಹಿಡಿದಳು. ಬಿಸಿಲಿನಲ್ಲಿ ಆ ಕಲೆ ಇನ್ನೂ ನಿಚ್ಚಳವಾಗಿ ಕಂಡಿತು. ಗಿರಿಜಾಂಬಳ ಕೈ ಬಾಯಿಯ ಮೇಲೆಯೇ ಉಳಿಯಿತು.

ಶೀನಣ್ಣ ಕನ್ನಡಕ ಹೆಕ್ಕಿ, ಮಣ್ಣು ಒರೆಸಿ, ಗೌರೀಶನ ಜೇಬಿಗೆ ಇಟ್ಟ. “ನಿಮ್ಮ ಕಾರು ಗೇಟಿನ ಹತ್ರ ಇದೆ,” ಎಂದ. “ಅವಳು ನಮ್ಮ ಜೊತೆ ಬರ್ತಾಳೆ.”

ಗೌರೀಶ ಹೆಂಡತಿಯನ್ನು ನೋಡಿದ. “ಯೋಚ್ನೆ ಮಾಡು,” ಎಂದ, ರಕ್ತ ಉಗಿದು.

“ಮಾಡಿದೀನಿ,” ಎಂದಳು ಚೈತನ್ಯಾ. ಹೋಗಿ ತಾಯಿಯ ಪಕ್ಕ ನಿಂತಳು.

*

ಮನೆಗೆ ಬಂದು, ಸ್ನಾನವಾಗಿ, ದೀಪ ಹಚ್ಚಿದ ಮೇಲೆ ಗಿರಿಜಾಂಬ ನೆನಪು ಮಾಡಿಕೊಂಡಳು. ಮಣ್ಣಿನ ಹತ್ತಿರವೇ ಆಗಬೇಕಿದ್ದ ಶಾಸ್ತ್ರ ಗಲಾಟೆಯಲ್ಲಿ ತಪ್ಪಿಹೋಗಿತ್ತು. ಹೆಂಗಸರು ಮಹಾನಂದಳನ್ನು ನಡುಮನೆಯಲ್ಲಿ ಮಣೆಯ ಮೇಲೆ ಕೂರಿಸಿ, ಕೈ ಹಿಡಿದು ಬಳೆ ತೆಗೆಯಲು ನೋಡಿದರು. ಎಡಗೈಯವು ಸುಲಭವಾಗಿ ಬಂದವು.

ಬಲಗೈ ಹಲಸಿನ ತೊಳೆಯ ಹಾಗೆ ಊದಿತ್ತು. ಗೆಣ್ಣು ಎಲ್ಲಿ, ಬೆರಳು ಎಲ್ಲಿ ಶುರುವಾಗುತ್ತದೆ ತಿಳಿಯುತ್ತಿರಲಿಲ್ಲ. ನಡುಗೆಣ್ಣಿನ ಮೇಲೆ ಹಲ್ಲಿನ ಗಾಯ ಬಾಯಿ ಬಿಟ್ಟಿತ್ತು. ಗಿರಿಜಾಂಬ ಎಳೆದಳು, ಆಗಲಿಲ್ಲ. ಶೀನಣ್ಣನ ಹೆಂಡತಿ ಸುಂದರಮ್ಮ ಸೋಪು ನೊರೆ ಮಾಡಿ ತಂದಳು. ಆಮೇಲೆ ಕೊಬ್ಬರಿ ಎಣ್ಣೆ ಹಚ್ಚಿದರು. ಬಳೆಗಳು ಊತದ ದಡದವರೆಗೆ ಜಾರಿ ಬಂದು ಅಲ್ಲೇ ನಿಂತವು.

“ಒಡೆದುಬಿಡೋಣ್ವಾ?” ಎಂದಳು ಒಬ್ಬಳು.

“ಚೂರು ಒಳಗೆ ಹೋದ್ರೆ? ಮೊದ್ಲೇ ಗಾಯ,” ಎಂದಳು ಸುಂದರಮ್ಮ.

ಗಿರಿಜಾಂಬ ತಮ್ಮನ ಹೆಂಡತಿಯ ಕೈಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಅವಳೂ ಒಬ್ಬ ಗಂಡನ ಜೊತೆ ಬಾಳಿದವಳೇ. ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. “ಊತ ಇಳೀಲಿ, ಆಮೇಲೆ ನೋಡೋಣ,” ಎಂದು ಎದ್ದುಹೋದಳು.

ಚೈತನ್ಯಾ ಫ್ರಿಜ್ಜಿನಿಂದ ಮಂಜುಗಡ್ಡೆ ತಂದು ಪಾತ್ರೆಗೆ ಸುರಿದು, ನೀರು ಹಾಕಿ, ತಾಯಿಯ ಕೈಯನ್ನು ಅದರೊಳಗೆ ಇಳಿಸಿದಳು. ನೋವಿಗೆ ಮಹಾನಂದಳ ಕಣ್ಣಲ್ಲಿ, ಬೆಳಗಿನಿಂದ ಬಾರದ ನೀರು ಬಂತು. ಪಾತ್ರೆಯಲ್ಲಿ ತಿಳಿಗೆಂಪಾಗುತ್ತಿದ್ದ ನೀರೊಳಗೆ ಆರು ಹಸಿರು ಗಾಜಿನ ಬಳೆಗಳು ಮಂಜಿನ ತುಂಡುಗಳಿಗೆ ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು.